ಕೆಟ್ಟದ್ದನ್ನು ಯೋಚಿಸುವುದು ತಪ್ಪಲ್ಲ

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದರೆ ಗೂಳೂರು ದಾಟಿದ ಮೇಲೆ ಸಿಗುವ ಹೋಬಳಿ ಕೇಂದ್ರ ಹೆಬ್ಬೂರು. ಸುತ್ತಮುತ್ತ ರಾಗಿ ಹೊಲ, ತೆಂಗಿನ ತೋಟ, ನೀರಿದ್ದ ಕಡೆ ಅಡಿಕೆ. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಒಂದು ಕ್ರಮವಿದೆ, ಅಕ್ಕಡಿ ಸಾಲು. ಹೊಲವನ್ನೆಲ್ಲ ರಾಗಿಗೇ ಬಿಟ್ಟುಕೊಡದೆ ನಡುನಡುವೆ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳಿನ ಸಾಲು ಬಿಡುತ್ತಾರೆ. ಅಂಚಿಗೆ ಹರಳು ಹಾಕುವುದೂ ಉಂಟು. ಮಳೆ ನಡುವೆ ಕೈಕೊಟ್ಟು ರಾಗಿ ಬಾಡಿದರೂ ಆಳಕ್ಕೆ ಬೇರಿಳಿಸಿದ ತೊಗರಿ ಉಳಿದೀತು, ಹಿಂಗಾರು ನಾಲ್ಕು ಹನಿ ಹಾಕಿದರೆ ಅವರೆ ಕೈಗೆ ಬಂದೀತು, ಕಾಳಾಗದಿದ್ದರೆ ಜೋಳದ ಕಡ್ಡಿಯಾದರೂ ದನಕ್ಕಾದೀತು ಎಂಬ ಲೆಕ್ಕ. ಈ ಹೊಲವನ್ನು ರೂಪಿಸಿದ ಮನಸ್ಸು ಶುಭವನ್ನೇ ನೆನೆಯುತ್ತ ಕುಳಿತದ್ದಲ್ಲ. ಬಿತ್ತುವ ದಿನವೇ ಅದು ಬೆಳೆ ಹೋಗುವುದನ್ನು ಕಂಡಿತ್ತು. ಹಾಗೆ ಕಂಡದ್ದರಿಂದಲೇ ಇನ್ನೊಂದು ಸಾಲು ಬಿತ್ತಿತು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ವರ್ಷಗಟ್ಟಲೆ ಕಾಯ್ದಿಡುತ್ತಿದ್ದ ಪದ್ಧತಿಯ ಹಿಂದೆಯೂ ಇದೇ ಯೋಚನೆ ಇತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು; ನಡುವೆ 1876–78ರ ಬರ ಬಂದು ಹೋಗಿತ್ತು. ಅಂಥ ನೆನಪಿರುವ ನಾಡಿನಲ್ಲಿ ಕೆಟ್ಟದ್ದನ್ನು ಮುಂಚಿತವಾಗಿ ಯೋಚಿಸುವುದು ಮನೋದೌರ್ಬಲ್ಯವಲ್ಲ, ಅನುಭವದಿಂದ ಬಂದ ತಿಳಿವಳಿಕೆ.

ಇದನ್ನು ಮೊದಲೇ ಹೇಳಬೇಕಾದ್ದು ಯಾಕೆಂದರೆ, ನೆಗೆಟಿವ್ ಯೋಚನೆಯನ್ನು ಗೆಲ್ಲುವ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಈ ತಿಳಿವಳಿಕೆಯನ್ನೇ ಶತ್ರು ಮಾಡಿಕೊಂಡು ಶುರುವಾಗುತ್ತದೆ. ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಸಕಾರಾತ್ಮಕ ಚಿಂತನೆಯ ಶಕ್ತಿಯ ಬಗ್ಗೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅಲ್ಲಿಂದ ಹೊರಟ ಧಾಟಿ ಇಂದು ನಮ್ಮ ವ್ಯಕ್ತಿತ್ವ ವಿಕಸನ ಶಿಬಿರಗಳನ್ನು ಹಾದು, ಬೆಳಗಿನ ಜಾವ ವಾಟ್ಸ್ಆ್ಯಪ್‌ಗೆ ಬಂದು ಬೀಳುವ ಶುಭೋದಯದ ಗುಲಾಬಿ ಚಿತ್ರಗಳವರೆಗೆ ಹರಡಿದೆ. ಒಳ್ಳೆಯದನ್ನೇ ಯೋಚಿಸು, ಒಳ್ಳೆಯದೇ ಆಗುತ್ತದೆ ಎಂಬುದು ಅದರ ಸಾರ. ಕೇಳಲು ಹಿತವಾಗಿದೆ, ಪರೀಕ್ಷೆಗೆ ಒಡ್ಡಿದಾಗ ಮಾತ್ರ ನಿಲ್ಲುವುದಿಲ್ಲ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಜನರನ್ನು ಅಧ್ಯಯನ ಮಾಡಿದರು. ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಹೆಚ್ಚು ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಬಂದ ಕರೆಗಳೂ ಕಡಿಮೆ. ಸಿಗಬೇಕಾದ ಸುಖವನ್ನು ಮನಸ್ಸು ಮುಂಗಡವಾಗಿಯೇ ಉಂಡುಬಿಟ್ಟರೆ ಕೈಗೆ ದುಡಿಯುವ ಅವಸರ ಉಳಿಯುವುದಿಲ್ಲ ಎಂಬುದು ಅವರ ವಿವರಣೆ. ಗಮನಿಸಬೇಕಾದ್ದೆಂದರೆ, ತಮ್ಮ ಕೈಲಾಗುತ್ತದೆ ಎಂಬ ನಂಬಿಕೆ ಇದ್ದವರು ಚೆನ್ನಾಗಿಯೇ ಮಾಡಿದರು. ಹಗಲುಗನಸು ಬೇರೆ, ಅನುಭವದ ಮೇಲೆ ನಿಂತ ಭರವಸೆ ಬೇರೆ.

ಅತಿಯಾದ ಶುಭಚಿಂತನೆ ಏನು ಮಾಡಬಲ್ಲದು ಎಂದು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ತುಮಕೂರು ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚಾಗಿ ಎತ್ತಲಾಗಿದೆ. ಇಂಥ ನೆಲದಲ್ಲಿ ಮೂರು ಕೊಳವೆಬಾವಿ ಬತ್ತಿದ ಮೇಲೂ ನಾಲ್ಕನೆಯದಕ್ಕೆ ಸಾಲ ಎತ್ತುವವರು ಹೇಳುವುದು ಒಂದೇ ಮಾತು: ಈ ಸಲ ನೀರು ಬಂದೇ ಬರುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ಗುರುತಿಸುವವನೂ ಅದನ್ನೇ ಹೇಳುತ್ತಾನೆ, ಬೋರ್ ಕೊರೆಯುವ ಲಾರಿಯವನೂ ಅದನ್ನೇ. ಆ ಹೊತ್ತಿಗೆ ‘ಬರದಿದ್ದರೆ ಏನು ಗತಿ’ ಎಂದು ಕೇಳುವ ಹೆಂಡತಿಯ ಬಾಯಿ ಮುಚ್ಚಿಸುತ್ತಾರೆ, ಅಪಶಕುನ ನುಡಿಯಬೇಡ ಎನ್ನುತ್ತಾರೆ. ಮನೆಯಲ್ಲಿ ಆ ದಿನ ಸರಿಯಾಗಿ ಯೋಚಿಸುತ್ತಿದ್ದವಳು ಅವಳೊಬ್ಬಳೇ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲಿ ಪ್ರಕಟಿಸಿದ ಸಂಶೋಧನೆ ಇಂಥವರ ಪರವಾಗಿದೆ. ಕೆಲವರು ಸ್ವಭಾವತಃ ಕೆಟ್ಟದ್ದನ್ನು ಮೊದಲು ಊಹಿಸಿ, ಅದಕ್ಕೆ ತಯಾರಾಗಿ ಆಮೇಲೆ ಕೆಲಸಕ್ಕಿಳಿಯುತ್ತಾರೆ. ಆಶಾವಾದಿಗಳಷ್ಟೇ ಚೆನ್ನಾಗಿ ಮಾಡುತ್ತಾರೆ. ‘ಏನೂ ಆಗಲ್ಲ, ನೀನು ಗೆದ್ದೇ ಗೆಲ್ಲುತ್ತೀಯ’ ಎಂದು ಹೇಳಿ ಅವರ ಆ ತಯಾರಿಯನ್ನು ತಪ್ಪಿಸಿದಾಗಲೇ ಅವರು ಎಡವಿದ್ದು.

ಇನ್ನು ಬೇಡದ ಯೋಚನೆಯನ್ನು ಬಲವಂತವಾಗಿ ಓಡಿಸುವ ಮಾತು. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬಾರದು ಎಂದ ವೈದ್ಯನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಕೋತಿಯ ಬದಲು ಬಿಳಿಕರಡಿ ಇಟ್ಟು ಇದನ್ನೇ ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಈಗ ನೆನೆಯಬಹುದು ಎಂದು ಬಿಟ್ಟಾಗ ಮೊದಲು ಅದುಮಿಟ್ಟವರ ತಲೆಯಲ್ಲಿ ಕರಡಿ ಇನ್ನಷ್ಟು ಓಡಾಡಿತು. ಕೆನಡಾದ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ತುದಿಯಿಂದ ನೋಡಿದರು. ‘ನಾನು ಎಲ್ಲರ ಪ್ರೀತಿಗೆ ತಕ್ಕವನು’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುವಂತೆ ಮಾಡಿದಾಗ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರ ಮನಸ್ಸು ಇನ್ನೂ ಕುಗ್ಗಿತು. ಆಮೇಲೆ ಬೇರೆಯವರು ಇದನ್ನು ಮತ್ತೆ ಮಾಡಿ ನೋಡಿದಾಗ ಅಷ್ಟು ಕೆಡುಕು ಕಾಣಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಯಾರಿಗೆ ಈ ಜಪದ ಅಗತ್ಯ ಹೆಚ್ಚೋ ಅವರಿಗೆ ಇದರಿಂದ ದೊಡ್ಡ ಲಾಭವಾಯಿತೆಂದು ಅಲ್ಲಿಯೂ ಸಿದ್ಧವಾಗಲಿಲ್ಲ. ನಂಬದ ಮಾತನ್ನು ಬಾಯಿ ಆಡುವಾಗ ಒಳಗಿನವನು ಸುಳ್ಳು ಸುಳ್ಳು ಎನ್ನುತ್ತಿರುತ್ತಾನೆ.

ಕೆಟ್ಟದ್ದರ ಕಡೆ ಮನಸ್ಸು ವಾಲುವುದು ಎಲ್ಲರಿಗೂ ಸಹಜ. ರಾಯ್ ಬಾಮೈಸ್ಟರ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಹಲವು ಕ್ಷೇತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಳ್ಳೆಯ ಅನುಭವಕ್ಕಿಂತ ಕೆಟ್ಟ ಅನುಭವ ಮನಸ್ಸಿನ ಮೇಲೆ ಹೆಚ್ಚು ಬಲವಾಗಿ ಎರಗುತ್ತದೆ ಎಂದು ತೋರಿಸಿದರು. ಮದುವೆ ಮನೆಯಲ್ಲಿ ಊಟ ಚೆನ್ನಾಗಿತ್ತು ಎಂದ ನೂರು ಜನ ಮರೆತುಹೋಗುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎಂದ ಒಬ್ಬ ಬೀಗರು ಇಪ್ಪತ್ತು ವರ್ಷ ನೆನಪಿರುತ್ತಾರೆ. ಹಾವು ಕಂಡು ಹಿಂದೆ ಸರಿದವರ ವಂಶ ಉಳಿದಿರುವುದರಿಂದ ಇದರಲ್ಲಿ ಆಶ್ಚರ್ಯವೂ ಇಲ್ಲ.

ಹಾಗಾದರೆ ತೊಂದರೆ ಇರುವುದೆಲ್ಲಿ? ಯೋಚನೆ ಕೆಲಸಕ್ಕೆ ದಾರಿಯಾಗದೆ ಸುತ್ತಿದಲ್ಲೇ ಸುತ್ತತೊಡಗಿದಾಗ. ಇದು ನನ್ನ ವಾದದ ತಿರುಳು. ಅಕ್ಕಡಿ ಹಾಕಿದವನ ಭಯಕ್ಕೆ ಒಂದು ಕೊನೆಯಿದೆ. ಬೀಜ ಮಣ್ಣಿಗೆ ಬಿದ್ದ ಮೇಲೆ ಅದು ತನ್ನ ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಕೊರಗಿಗೆ ಅಂಥ ಕೊನೆ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಸಾಲದ ಲೆಕ್ಕ ಹಾಕುವವರು ಬೆಳಗಾಗುವಷ್ಟರಲ್ಲಿ ಆ ಲೆಕ್ಕವನ್ನು ಹತ್ತು ಸಲ ಹಾಕಿರುತ್ತಾರೆ, ಹತ್ತು ಸಲವೂ ಉತ್ತರ ಒಂದೇ, ಬೆಳಗ್ಗೆ ಮಾಡಬೇಕಾದದ್ದು ಏನೆಂದು ಮಾತ್ರ ಹೊಳೆದಿರುವುದಿಲ್ಲ. ಸೂಸನ್ ನೋಲೆನ್-ಹೋಕ್ಸೆಮಾ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಸುತ್ತಾಟದ ಅಧ್ಯಯನಕ್ಕೆ ಕೊಟ್ಟರು. ದುಃಖ ಬಂದಾಗ ಅದನ್ನೇ ಮೆಲುಕು ಹಾಕುವವರ ದುಃಖ ಹೆಚ್ಚು ಕಾಲ ಉಳಿಯುತ್ತದೆ, ಖಿನ್ನತೆಗೆ ತಿರುಗುವ ಸಂಭವವೂ ಹೆಚ್ಚು ಎಂದು ಅವರು ಕಂಡುಕೊಂಡರು. ಕೊರಗುವವರು ತಾವು ಸಮಸ್ಯೆಯನ್ನು ಬಿಡಿಸುತ್ತಿದ್ದೇವೆ ಎಂದೇ ನಂಬಿರುತ್ತಾರೆ, ಬಿಡಿಸಲಾಗದಿರಲು ಅದೇ ಕಾರಣ. ‘ನನಗೇ ಯಾಕೆ ಹೀಗೆ’ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ‘ನಾಳೆ ಬೆಳಗ್ಗೆ ಯಾರನ್ನು ಹೋಗಿ ಕಾಣಲಿ’ ಎಂಬುದಕ್ಕೆ ಉತ್ತರ ಸಿಗುತ್ತದೆ.

ಯೋಚನೆಯನ್ನು ಓಡಿಸದೆ, ಅದರ ಎದುರು ಕುಳಿತು ಲೆಕ್ಕ ಕೇಳುವ ಕ್ರಮವನ್ನು ವೈದ್ಯಶಾಸ್ತ್ರಕ್ಕೆ ತಂದವರು ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್. ಅವರು 2021ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಫ್ರಾಯ್ಡ್ ಪರಂಪರೆಯಲ್ಲಿ ತರಬೇತಿ ಪಡೆದಿದ್ದ ಬೆಕ್, 1960ರ ದಶಕದಲ್ಲಿ ತಮ್ಮ ಖಿನ್ನ ರೋಗಿಗಳ ಮಾತಿನಲ್ಲಿ ಒಂದನ್ನು ಗಮನಿಸಿದರು. ಅವರ ತಲೆಯಲ್ಲಿ ತಾನೇ ತಾನಾಗಿ ಸರಕ್ಕನೆ ಬಂದುಹೋಗುವ ಸಣ್ಣ ಸಣ್ಣ ತೀರ್ಪುಗಳಿರುತ್ತವೆ. ಅವು ಊಹೆಗಳು, ಆದರೆ ರೋಗಿ ಅವನ್ನು ಕಣ್ಣಾರೆ ಕಂಡ ಸತ್ಯ ಎಂದುಕೊಳ್ಳುತ್ತಾನೆ. ಎದುರುಮನೆಯಾಕೆ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿಸದೆ ಹೋದಳು, ಅಂದರೆ ನನ್ನ ಮೇಲೆ ಏನೋ ಇಟ್ಟುಕೊಂಡಿದ್ದಾಳೆ. ಮಗ ಪಿಡಿಒ ಪರೀಕ್ಷೆಯಲ್ಲಿ ಒಂದು ಸಲ ಪಾಸಾಗಲಿಲ್ಲ, ಅಂದರೆ ಅವನ ಬಾಳು ಇಷ್ಟೇ. ವಸಂತನರಸಾಪುರದ ಕಾರ್ಖಾನೆಯಲ್ಲಿ ಮೇಲಿನವರು ಒಮ್ಮೆ ಗದರಿದರು, ಅಂದರೆ ಮುಂದಿನ ತಿಂಗಳು ಕೆಲಸದಿಂದ ತೆಗೆಯುತ್ತಾರೆ. ಒಂದು ಘಟನೆಯಿಂದ ಇಡೀ ಬದುಕಿಗೆ ಹಾರುವುದು, ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಓದಿದೆನೆಂದುಕೊಳ್ಳುವುದು, ಆಗಬಹುದಾದ್ದರಲ್ಲಿ ಅತಿ ಕೆಟ್ಟದ್ದೇ ಆಗುತ್ತದೆ ಎಂದು ತೀರ್ಮಾನಿಸುವುದು: ಬೆಕ್ ಗುರುತಿಸಿದ ತಪ್ಪುಗಳು ಇಂಥವು. ಮದ್ದು ಸರಳ. ಆ ಯೋಚನೆಯನ್ನು ಒಂದು ಕಾಗದದ ಮೇಲೆ ಬರೆದು, ಇದಕ್ಕೆ ಆಧಾರವೇನು, ಇದಕ್ಕೆ ವಿರುದ್ಧವಾದದ್ದೇನಾದರೂ ನಡೆದಿದೆಯೇ, ಬೇರೆ ಕಾರಣವಿರಬಹುದೇ ಎಂದು ಕೇಳುವುದು. ಎದುರುಮನೆಯಾಕೆಗೆ ಕನ್ನಡಕ ಬದಲಿಸುವ ಕಾಲ ಬಂದಿರಬಹುದು!

ರೈತನ ಮನೆಯ ಚಿಂತೆಯೊಂದನ್ನು ತೆಗೆದುಕೊಂಡು ನೋಡೋಣ, ಏಕೆಂದರೆ ಮೇಲಿನ ಉದಾಹರಣೆಗಳು ಹಗುರವೆನಿಸಬಹುದು. ‘ಈ ವರ್ಷವೂ ರಾಗಿಯಿಂದ ಏನೂ ಹುಟ್ಟಲ್ಲ, ನಾವು ಮುಳುಗಿದೆವು.’ ಈ ಒಂದು ವಾಕ್ಯದಲ್ಲಿ ನಾಲ್ಕಾರು ಬೇರೆ ಬೇರೆ ಸಂಗತಿಗಳು ಕಲೆತುಕೊಂಡಿವೆ. ಮಳೆ ಬಾರದಿರಬಹುದು, ಅದು ನಿಜ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅದರ ಮೇಲೆ ಯಾರ ಹಿಡಿತವೂ ಇಲ್ಲ. ಆದರೆ ಫಸಲು ವಿಮೆಯ ಮೇಲೆ ಹಿಡಿತವಿದೆ: 2016ರಿಂದ ಇರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ರಾಗಿಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ 2ರಷ್ಟು, ಕಟ್ಟಲು ಕೊನೆಯ ದಿನ ಒಂದಿರುತ್ತದೆ. ಬೆಲೆ ಸಿಗದಿರಬಹುದು ಎಂಬುದು ಮತ್ತೊಂದು ಭಯ. 2025–26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹4,886 ಇತ್ತು. ಖರೀದಿ ಕೇಂದ್ರದಲ್ಲಿ ಬೆಂಬಲ ಬೆಲೆ ಸಿಗಬೇಕಾದರೆ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಇರಬೇಕು, ಪಹಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿರಬೇಕು. ಇವೆರಡನ್ನೂ ಈ ವಾರವೇ ನೋಡಿಕೊಳ್ಳಬಹುದು. ಉಳಿದದ್ದು ‘ನಾವು ಮುಳುಗಿದೆವು’ ಎಂಬ ತೀರ್ಪು. ಇದು ಸಂಗತಿಯಲ್ಲ, ಸಂಗತಿಗಳ ಮೇಲೆ ಮನಸ್ಸು ಹೊದಿಸಿದ ಕಂಬಳಿ. ಹೀಗೆ ಬಿಡಿಸಿದಾಗ ಚಿಂತೆ ಮಾಯವಾಗುವುದಿಲ್ಲ. ಮಳೆಯ ಭಯ ಉಳಿದೇ ಇರುತ್ತದೆ. ಒಂದು ದೊಡ್ಡ ಮುದ್ದೆಯಾಗಿದ್ದದ್ದು ನಾಲ್ಕು ತುಂಡಾಗಿ, ಎರಡಕ್ಕೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿಬರುವ ಕೆಲಸ ಸಿಗುತ್ತದೆ, ಅಷ್ಟೆ. ಅಷ್ಟೇ ಸಾಕಾಗುವ ದಿನಗಳು ಬಹಳ.

ಆದರೆ ಪೂರಾ ಕುಗ್ಗಿ ಕುಳಿತವರಿಗೆ ಕಾಗದ ತೆಗೆದು ಬರೆ ಎಂದರೆ ಕೈ ಏಳುವುದಿಲ್ಲ. ಅವರ ವಿಷಯದಲ್ಲಿ ಸಂಶೋಧನೆ ಇನ್ನೂ ಸರಳವಾದದ್ದನ್ನು ಹೇಳುತ್ತದೆ: ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡಿ, ಕೆಲಸ ಶುರುವಾದರೆ ಮನಸ್ಸು ಹಿಂದೆ ಬರುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ತಂಡ ಬೆಕ್ ಅವರ ಚಿಕಿತ್ಸೆಯನ್ನು ಭಾಗ ಭಾಗವಾಗಿ ಬಿಡಿಸಿ ನೋಡಿತು. ಯೋಚನೆ ತಿದ್ದುವ ಭಾಗವನ್ನು ಕೈಬಿಟ್ಟು, ದಿನಕ್ಕಿಷ್ಟು ಎಂದು ಮತ್ತೆ ಚಟುವಟಿಕೆಗೆ ಇಳಿಸುವ ಭಾಗವನ್ನಷ್ಟೇ ಕೊಟ್ಟವರೂ ಪೂರ್ಣ ಚಿಕಿತ್ಸೆ ಪಡೆದವರಷ್ಟೇ ಸುಧಾರಿಸಿದ್ದರು. ನಮಗೆ ಹತ್ತಿರದ ಸಾಕ್ಷ್ಯ ಗೋವಾದ್ದು. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ತೀವ್ರ ಖಿನ್ನತೆಯಿದ್ದ ಸುಮಾರು ಐನೂರು ಜನರಲ್ಲಿ ಅರ್ಧದಷ್ಟು ಮಂದಿಗೆ ಈ ಕ್ರಮದ ಸಮಾಲೋಚನೆ ಕೊಡಿಸಿದರು. ಕೊಟ್ಟವರು ವೈದ್ಯರಲ್ಲ, ಮನೋವಿಜ್ಞಾನ ಓದಿದವರೂ ಅಲ್ಲ. ಆ ಊರುಗಳ ಭಾಷೆ ಬಲ್ಲ, ಕೆಲವು ವಾರ ತರಬೇತಿ ಪಡೆದ ಸಾಮಾನ್ಯರು. ಆರರಿಂದ ಎಂಟು ಭೇಟಿ, ಕೆಲವೊಮ್ಮೆ ರೋಗಿಯ ಮನೆಯಲ್ಲೇ. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ 39. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು.

ಕೆಲಸಕ್ಕಿಳಿದರೆ ಮನಸ್ಸು ಯಾಕೆ ಚೇತರಿಸುತ್ತದೆ ಎಂಬುದರ ಮೇಲೆ ಬೆಳಕು ಚೆಲ್ಲಿದವರ ಕಥೆ ಇನ್ನೂ ಸ್ವಾರಸ್ಯಕರ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ (ಇಂದು ಯಾರೂ ಒಪ್ಪಲಾರದಷ್ಟು ಕ್ರೂರವಾದ) ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು ಆಮೇಲೆ ದಾರಿ ತೆರೆದಿದ್ದರೂ ಮುದುರಿ ಮಲಗಿದ್ದವು. ಅಸಹಾಯಕತೆಯನ್ನು ಜೀವಿಗಳು ಕಲಿತುಕೊಳ್ಳುತ್ತವೆ ಎಂದು ಅಂದು ತೀರ್ಮಾನಿಸಿದರು. ಪಠ್ಯಪುಸ್ತಕಗಳೂ ಹಾಗೇ ಬರೆದವು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಇಬ್ಬರೂ ಸೇರಿ ತಮ್ಮದೇ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಮೇಯರ್ ಮಿದುಳಿನ ಮೇಲೆ ನಡೆಸಿದ ಸಂಶೋಧನೆಯ ಪ್ರಕಾರ, ಎಡೆಬಿಡದ ಕಷ್ಟ ಬಂದಾಗ ಮುದುರಿಕೊಳ್ಳುವುದು ಜೀವಿಯ ಹುಟ್ಟು ಸ್ವಭಾವ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ‘ನಾನು ಮಾಡಿದರೆ ಏನೋ ಬದಲಾಗುತ್ತದೆ’ ಎಂಬುದನ್ನು. ಅದನ್ನು ಉಪದೇಶದಿಂದ ಕಲಿಸಲಾಗುವುದಿಲ್ಲ, ಮಾಡಿ, ಬದಲಾದದ್ದನ್ನು ಕಂಡು ಮಾತ್ರ ಕಲಿಯಲಾಗುತ್ತದೆ. ‘ಧೈರ್ಯ ತಗೋ, ತಲೆ ಕೆಡಿಸಿಕೊಳ್ಳಬೇಡ’ ಎಂದು ಹತ್ತು ಜನ ಬಂದು ಹೇಳಿ ಹೋದರೂ ಆಗದ್ದು, ಎರಡು ದಿನ ತಾನೇ ಎದ್ದು ಹಸುವಿಗೆ ಹುಲ್ಲು ಹಾಕಿದ್ದರಿಂದ ಆಗುವುದು ಇದಕ್ಕೇ.

ಇಲ್ಲಿ ಭಕ್ತರಿಂದ ಒಂದು ಆಕ್ಷೇಪ ಬರಬಹುದು: ಇದನ್ನೆಲ್ಲ ನಮ್ಮ ಹಿರಿಯರು ದೇವರ ಮೇಲೆ ಭಾರ ಹಾಕಿ ಸರಿಮಾಡಿಕೊಳ್ಳುತ್ತಿರಲಿಲ್ಲವೇ? ಒಂದು ಮಟ್ಟಿಗೆ ಹೌದು. ಮೂರು ತಿಂಗಳಿಂದ ಮೂಲೆ ಹಿಡಿದ ಹೆಂಗಸನ್ನು ಮನೆಯವರು ಹೆಬ್ಬೂರಿನ ಕೋದಂಡಾಶ್ರಮದ ಕಾಮಾಕ್ಷಿ ಶಾರದೆಯ ಗುಡಿಗೋ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೋ ಕರೆದೊಯ್ಯುತ್ತಾರೆ ಎಂದಿಟ್ಟುಕೊಳ್ಳಿ. ಆ ದಿನ ಆಕೆ ಹೊತ್ತಿಗೆ ಏಳುತ್ತಾಳೆ, ತಲೆಸ್ನಾನ ಮಾಡುತ್ತಾಳೆ, ಒಗೆದ ಸೀರೆ ಉಡುತ್ತಾಳೆ, ಬಸ್ಸಿನಲ್ಲಿ ನಾಲ್ಕು ಜನರ ಜೊತೆ ಕೂರುತ್ತಾಳೆ, ಸಾಲಿನಲ್ಲಿ ನಿಲ್ಲುತ್ತಾಳೆ, ಪಂಕ್ತಿಯಲ್ಲಿ ಉಣ್ಣುತ್ತಾಳೆ. ಗೋವಾದ ಸಮಾಲೋಚಕರು ಬರೆದುಕೊಡುವ ಪಟ್ಟಿಯೂ ಹೆಚ್ಚುಕಡಿಮೆ ಇದೇ. ವಾರವಾರ ನಡೆದರೆ ಇದು ಫಲ ಕೊಟ್ಟೀತು, ದೇವರ ಪಾಲೆಷ್ಟು ಬಸ್ಸಿನ ಪಾಲೆಷ್ಟು ಎಂದು ಜಗಳವಾಡುವ ಅಗತ್ಯ ನನಗೆ ಕಾಣುವುದಿಲ್ಲ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವೂ ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ದೊಡ್ಡದು. ಆದರೆ ಇದೇ ಶ್ರದ್ಧೆ ‘ಹಣೆಬರಹ, ಏನು ಮಾಡಿದರೂ ಅಷ್ಟೇ’ ಎಂಬ ಕಡೆಗೆ ತಿರುಗಿತೋ, ಆಗ ಅದು ಮುದುರಿ ಮಲಗುವುದಕ್ಕೆ ಕೊಟ್ಟ ಪರವಾನಗಿಯಾಗುತ್ತದೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ಮತ್ತೆ ಅದೇ ಮೂಲೆಯಲ್ಲಿ ಕೂರಿಸುವುದಂತೂ ಕಾಲ ಕಳೆಯುವ ದಾರಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದವರ ಮನೆಯ ಮುಂದೆ ವಸೂಲಿಗಾರರು ಬಂದು ಕುಳಿತಿರುವಾಗ ಯೋಚನೆ ತಿದ್ದಿಕೊಳ್ಳಿ ಎನ್ನುವುದು ಅಪಹಾಸ್ಯವಲ್ಲವೇ? ಬಡತನಕ್ಕೆ ಬಡವರ ಮನಸ್ಸನ್ನೇ ಹೊಣೆ ಮಾಡುವ ಹುನ್ನಾರವಲ್ಲವೇ? ಈ ಆಕ್ಷೇಪದ ಕಡೆಗೆ ಸಾಕ್ಷ್ಯವೂ ಇದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಸೆಂಥಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗಲೂ ಕಟಾವಿನ ನಂತರ ಹಣ ಬಂದಾಗಲೂ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದೇ ರೈತ ಕಟಾವಿಗೆ ಮುಂಚೆ ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದ. ಅವನ ತಲೆಯಲ್ಲಿ ದೋಷವಿರಲಿಲ್ಲ, ತಲೆಯ ತುಂಬ ಸಾಲವಿತ್ತು. ಕೀನ್ಯಾದಲ್ಲಿ ಯೋಹಾನೆಸ್ ಹೌಸ್‌ಹೋಫರ್ ಮತ್ತು ಸಂಗಡಿಗರು ಹಳ್ಳಿಗರಲ್ಲಿ ಕೆಲವರಿಗೆ ಹಣ ಕೊಟ್ಟು, ಕೆಲವರಿಗೆ ಐದು ವಾರದ ಸಮಾಲೋಚನೆ ಕೊಟ್ಟು ಹೋಲಿಸಿದರು. ಒಂದು ವರ್ಷದ ಮೇಲೆ ನೋಡಿದರೆ ಹಣ ಪಡೆದವರ ಸಂಸಾರವೂ ಮನಸ್ಸೂ ಸುಧಾರಿಸಿದ್ದವು, ಸಮಾಲೋಚನೆಯ ಪರಿಣಾಮ ಅಳೆಯಲು ಸಿಗಲಿಲ್ಲ. ಘಾನಾದ ಬಡ ಹಳ್ಳಿಗಳಲ್ಲಿ ಹನ್ನೆರಡು ವಾರ ನಡೆಸಿದ ಗುಂಪು ಚಿಕಿತ್ಸೆ ಮಾತ್ರ ಫಲ ಕೊಟ್ಟಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಕಷ್ಟ ಹಣದ್ದಾದಾಗ ಮೊದಲ ಮದ್ದು ಹಣವೇ, ನ್ಯಾಯವೇ. ಕಿರುಸಾಲದ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ನೂರು ಪ್ರೇರಣಾ ಭಾಷಣಗಳಿಗಿಂತ ದೊಡ್ಡ ಮಾನಸಿಕ ಚಿಕಿತ್ಸೆ.

ಆದರೂ ಆಕ್ಷೇಪ ಮಾಡುವವರು ಒಂದು ಹೆಜ್ಜೆ ಮುಂದೆ ಹೋಗಿ, ಆದ್ದರಿಂದ ಮನಸ್ಸಿನ ಮಾತೇ ಬೇಡ ಎಂದರೆ ಒಪ್ಪಲಾಗದು. ಆ ಕಾನೂನಿನ ರಕ್ಷಣೆ ಬೇಕಾದರೆ ಯಾರೋ ಒಬ್ಬರು ಹೆಬ್ಬೂರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ದೂರು ಕೊಡಬೇಕು. ಸಾಲ ಮಾಡಿದ ತಪ್ಪು ನನ್ನದೇ, ಊರಿಗೆ ಮುಖ ತೋರಿಸಲಾರೆ, ಏನು ಮಾಡಿದರೂ ಇಷ್ಟೇ ಎಂದು ನಂಬಿ ಬಾಗಿಲು ಹಾಕಿಕೊಂಡವರು ಆ ಮೆಟ್ಟಿಲು ಹತ್ತುವುದಿಲ್ಲ. ಪರಿಹಾರದ ಅರ್ಜಿ, ವಿಮೆಯ ಕಂತು, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವುದು, ಎಲ್ಲಕ್ಕೂ ಒಂದಿಷ್ಟು ಭರವಸೆ ಮೊದಲೇ ಇರಬೇಕಾಗುತ್ತದೆ. ಕುಗ್ಗಿದ ಮನಸ್ಸು ಬಡವರ ಕೈಯಲ್ಲಿರುವ ಅಷ್ಟಿಷ್ಟು ಹಕ್ಕನ್ನೂ ಬಳಸದಂತೆ ಮಾಡುತ್ತದೆ. ಹೇಮಾವತಿ ನೀರಿಗಾಗಿ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದದ್ದು ಅವರಿಗೆ ಚಿಂತೆ ಇರಲಿಲ್ಲವೆಂದಲ್ಲ, ಚಿಂತೆಗೆ ಅವರು ಕೆಲಸ ಕೊಟ್ಟಿದ್ದರು. ಆ ನೀರನ್ನು ಕುಣಿಗಲ್ಲಿಗೆ ಒಯ್ಯುವ ಲಿಂಕ್ ಕಾಲುವೆಯ ವಿಷಯದಲ್ಲಿ ಅವರ ವಾದ ಸರಿಯೋ, ನೀರು ಕೇಳುವ ಕುಣಿಗಲ್ಲಿನವರ ವಾದ ಸರಿಯೋ ಎಂಬುದು ಬೇರೆ ಪ್ರಶ್ನೆ.

ಎಲ್ಲವನ್ನೂ ಯೋಚನೆಯ ಅಭ್ಯಾಸ ಎಂದು ಕರೆದುಬಿಡುವುದೂ ಅಪಾಯ. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ಮೊದಲು ಇಷ್ಟವಿದ್ದುದರಲ್ಲೆಲ್ಲ ಆಸಕ್ತಿ ಹೋದರೆ, ನಿದ್ದೆ ಹಸಿವು ಕೆಟ್ಟು, ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬ ಮಾತು ಬಂದರೆ ಅದು ಕಾಯಿಲೆ. ಸಕ್ಕರೆ ಕಾಯಿಲೆಯಂತೆಯೇ ವೈದ್ಯರಿಗೆ ತೋರಿಸಬೇಕಾದದ್ದು, ಬೇಕಾದರೆ ಮಾತ್ರೆ ತೆಗೆದುಕೊಳ್ಳಬೇಕಾದದ್ದು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆ ಬಂದಿರುತ್ತದೆ. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರುವುದಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. 1970ರ ದಶಕದಲ್ಲೇ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಯ ಪಾಠ ಹೇಳಿಕೊಟ್ಟರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇದೇ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯವರನ್ನು ಅವರವರ ಊರಿನಲ್ಲೇ ಹುಡುಕಿ ಚಿಕಿತ್ಸೆ ಕೊಡುವ ಕೆಲಸವನ್ನೂ ನಿಮ್ಹಾನ್ಸ್ ವರ್ಷಗಟ್ಟಲೆ ಮಾಡಿದೆ. ಇಷ್ಟೆಲ್ಲ ತಿಳಿವಳಿಕೆ ಇದ್ದೂ ಕೊರಗಿನ ಮೊದಲ ಹಂತದಲ್ಲಿರುವವರ ಮಾತು ಕೇಳಲು ಹೋಬಳಿ ಮಟ್ಟದಲ್ಲಿ ತರಬೇತಿ ಪಡೆದ ಒಬ್ಬರು ಇರಬೇಕೆಂಬುದು ನಮ್ಮ ಬೇಡಿಕೆಗಳ ಪಟ್ಟಿಗೇ ಸೇರಿಲ್ಲ. ರಸ್ತೆ ಕೇಳುತ್ತೇವೆ, ಟ್ರಾನ್ಸ್‌ಫಾರ್ಮರ್ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ. ಇದಕ್ಕೆ ಮನೋವೈದ್ಯರನ್ನೇ ನೇಮಿಸಬೇಕಿಲ್ಲ ಎಂಬುದನ್ನು ಗೋವಾ ತೋರಿಸಿಕೊಟ್ಟಿದೆ. ಪಿಯುಸಿಯೋ ಡಿಗ್ರಿಯೋ ಓದಿ ಊರಲ್ಲೇ ಇರುವ ಹುಡುಗ ಹುಡುಗಿಯರು ಸಾಕು. ಆಶಾ ಕಾರ್ಯಕರ್ತೆಯರ ತಲೆಗೇ ಇದನ್ನೂ ಕಟ್ಟುವುದು ಬೇಡ. ಈಗಿರುವ ಕೆಲಸಕ್ಕೇ ಸರಿಯಾದ ಗೌರವಧನ ಕೊಡಿ ಎಂದು ಅವರು ಬೀದಿಯಲ್ಲಿ ಕೂರಬೇಕಾಗಿದೆ. ಸಂಬಳ ಕೊಟ್ಟು, ತರಬೇತಿ ಕೊಟ್ಟು, ವಾರಕ್ಕೊಮ್ಮೆ ಜಿಲ್ಲಾ ತಂಡದ ಮಾರ್ಗದರ್ಶನ ಸಿಗುವಂತೆ ಮಾಡಿ ಒಬ್ಬರನ್ನು ಹೆಬ್ಬೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೂರಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ.